ಕೆರೆ ಕೊಟ್ಟ ರಕ್ತ

ಅಮ್ಮ ತೀರಿಕೊಂಡ ಮೇಲೆ ಅವಳ ವಾಸನೆ ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಕಡೆ, ಅವಳ ತಗಡಿನ ಪೆಟ್ಟಿಗೆಯಲ್ಲಿ. ಎಲೆಯಡಿಕೆ ಚೀಲ, ಹೊದೆಯುವ ಕಂಬಳಿ, ಮಲಗುವ ಚಾಪೆ, ಎಲ್ಲವನ್ನೂ ತಿಥಿಗೆ ಬಂದ ಹೆಂಗಸರು ಒಗೆದು, ಝಾಡಿಸಿ, ಎತ್ತಿಟ್ಟುಬಿಟ್ಟರು. ಪೆಟ್ಟಿಗೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಚ್ಚಳ ಎತ್ತಿದರೆ ಮೊದಲು ನುಸಿ ಗುಳಿಗೆಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಅದರ ಹಿಂದಿನಿಂದ ಮೆಲ್ಲಗೆ ಹರಳೆಣ್ಣೆ, ಸೌದೆ ಹೊಗೆ, ಎಲೆಯಡಿಕೆ. ಬಟ್ಟೆಗೆ ಹುಳ ಬೀಳಬಾರದೆಂದು ಅಂಗಡಿಯಿಂದ ತರುತ್ತಾರಲ್ಲ, ಆ ಬಿಳಿ ಗುಳಿಗೆಗಳನ್ನು ಅಮ್ಮ ಒಂದೊಂದು ಸೀರೆಯ ಮಡಿಕೆಯೊಳಗೂ ಇಡುತ್ತಿದ್ದಳು. ಬೇರೆಯವರಿಗೆ ಅದು ತಲೆನೋವು ತರುವ ವಾಸನೆ. ನನಗೆ ಅದೇ ಅಮ್ಮ.

ಪೆಟ್ಟಿಗೆಯ ತಳದಲ್ಲಿ ನೇರಳೆ ಬಣ್ಣದ ಒಂದು ನೂಲಿನ ಸೀರೆ ಇತ್ತು. ಉಟ್ಟು ಉಟ್ಟು ಬೆಣ್ಣೆಯಷ್ಟು ಮೆತ್ತಗಾದದ್ದು. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಹೆಸರಿಡುವ ತನಕ ಮನೆಯ ಹಿರಿಯ ಹೆಂಗಸು ಉಟ್ಟ ಹಳೆ ಸೀರೆಯಲ್ಲೇ ಸುತ್ತುತ್ತಾರೆ. ಉಟ್ಟವಳ ಆಯಸ್ಸು ಕೂಸಿಗೆ ಹತ್ತಲಿ ಎಂದು. ತಾಯಿಯ ಮನೆಯಿಂದ ಒಂದು, ಕೂಸು ನೋಡಲು ಬರುವ ಬೀಗರ ಕಡೆಯಿಂದ ಒಂದು. ಇದಕ್ಕೆಂದೇ ಪ್ರತಿ ಮನೆಯ ಅಜ್ಜಿಯೂ ಒಂದೆರಡು ಸೀರೆಯನ್ನು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡಿರುತ್ತಾಳೆ.

ನನಗಿರುವುದು ಒಬ್ಬಳೇ ಮಗಳು. ಶಿರಾಕ್ಕೆ ಕೊಟ್ಟಿದ್ದೇವೆ. ಮದುವೆಯಾದ ಹೊಸದರಲ್ಲಿ ಅಮ್ಮ ಅವಳನ್ನು ಪೆಟ್ಟಿಗೆಯ ಮುಂದೆ ಕೂರಿಸಿಕೊಂಡು ಈ ಸೀರೆ ತೋರಿಸಿ ಹೇಳಿದ್ದು ನನಗೆ ಕೇಳಿಸಿತ್ತು.

"ನಾನಿರ್ತೀನೋ ಇಲ್ವೋ. ನಿನ್ ಕೂಸಿಗೆ ಇದ್ನೇ ಸುತ್ತು ಕಣವ್ವ. ನಾನೇ ಎತ್ಕಂಡಂಗಾಯ್ತದೆ."

ಮಗಳು ಬಸುರಿಯಾಗಿ ಬಾಣಂತನಕ್ಕೆ ನಮ್ಮ ಮಧುಗಿರಿಗೆ ಬರುವ ಹೊತ್ತಿಗೆ ಅಮ್ಮ ಇರಲಿಲ್ಲ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹುಣಸೆ ಮರಗಳ ಫಸಲನ್ನು ಗುತ್ತಿಗೆಗೆ ಹಿಡಿದು, ಕೋಲಿನಿಂದ ಬಡಿಸಿ, ಹಣ್ಣು ಬಿಡಿಸಿ ಮಂಡಿಗೆ ಹಾಕುವುದು ನನ್ನ ಕಸುಬು. ನಾಗಲಮಡಿಕೆಯಿಂದ ತೋವಿನಕೆರೆಯ ತನಕ ಯಾವ ರಸ್ತೆಯ ಬದಿ ಯಾವ ಮರ ಹುಳಿ, ಯಾವುದು ಸಿಹಿಹುಳಿ ಎಂದು ಬಲ್ಲೆ. ಬಲಸಮುದ್ರದ ಕಡೆ ನಾನು ಹಿಡಿಯುತ್ತಿದ್ದ ಮರಗಳ ಸುತ್ತ ಈಗ ಸೋಲಾರ್ ಹಲಗೆಗಳು ಬಂದಿವೆ; ಅತ್ತ ಹೋಗುವುದು ಕಡಿಮೆಯಾಗಿದೆ. ಆದರೂ ಸುಗ್ಗಿಯಲ್ಲಿ ನಾನೇ ಮರ ಹತ್ತುತ್ತೇನೆ. ಕೂಲಿಯವರು ಬೇಡವೆಂದರೂ ಹತ್ತುತ್ತೇನೆ. ಈ ವಯಸ್ಸಿನ ತನಕ ಒಂದು ಗುಳಿಗೆ ನುಂಗಿದವನಲ್ಲ, ಒಂದು ಸೂಜಿ ಚುಚ್ಚಿಸಿಕೊಂಡವನಲ್ಲ ಎಂದು ಹೇಳಿಕೊಂಡೇ ತಿರುಗಿದವನು. ಆ ಹೆಮ್ಮೆಗೆ ಕಾರಣ ಅಮ್ಮನೇ.

ಅಮ್ಮನ ತವರು ಕೊರಟಗೆರೆ ತಾಲೂಕಿನಲ್ಲಿ, ದೊಡ್ಡದೊಂದು ಕೆರೆಯ ಅಂಚಿನ ಹಳ್ಳಿ. ಹಿಂದೆ ಅಲ್ಲಿ ಕೆರೆ ತುಂಬಿದ ವರ್ಷವೆಲ್ಲ ಚಳಿಜ್ವರವಂತೆ. ಮನೆಮನೆಯಲ್ಲಿ ಮಕ್ಕಳು ನಡುಗಿ ನಡುಗಿ ಹೋಗುತ್ತಿದ್ದವಂತೆ. "ನಮ್ಮೋರ್ಗೆ ಮಾತ್ರ ಅದು ಅಷ್ಟಾಗಿ ನಾಟ್ತಿರಲಿಲ್ಲ ಕಣ್ಲಾ," ಎನ್ನುತ್ತಿದ್ದಳು ಅಮ್ಮ. "ಕೆರೆಯಮ್ಮ ನಮ್ಮನ್ನ ಆರ್ಸಿಕಂಡವ್ಳೆ. ನೀನೂ ಆ ರಕ್ತವೇ." ಅದನ್ನು ಕೇಳಿ ಬೆಳೆದ ನಾನು, ಜ್ವರ ಬಂದರೂ ಎದ್ದು ಕೆಲಸಕ್ಕೆ ಹೋಗುತ್ತಿದ್ದೆ. ಕೆರೆಯಮ್ಮ ಆರಿಸಿಕೊಂಡವರು ಮಲಗುತ್ತಾರೆಯೇ?

ಅದೇ ಅಮ್ಮ ಇನ್ನೊಂದು ಮಾತು ಹೇಳುವಾಗ ದನಿ ಇಳಿಸುತ್ತಿದ್ದಳು. ನನಗಿಂತ ಮೊದಲು, ಆ ತವರಿನಲ್ಲೇ, ಅವಳಿಗೊಂದು ಗಂಡು ಕೂಸು ಹುಟ್ಟಿತ್ತು. ಹುಟ್ಟಿದಾಗ ಚೆನ್ನಾಗಿತ್ತು. ಮಧುಗಿರಿಯಿಂದ ನನ್ನ ತಂದೆಯ ತಾಯಿ ಬಂದು, ತನ್ನ ಪೆಟ್ಟಿಗೆಯ ಸೀರೆ ಸುತ್ತಿ, ದೃಷ್ಟಿ ತೆಗೆದು ಹೋದಳು. ಆಮೇಲೆ ಕೂಸು ಅರಿಸಿನದ ಹಾಗೆ ಹಳದಿಯಾಯಿತು. ಹಾಲು ಕುಡಿಯುವುದು ಬಿಟ್ಟಿತು. ಹೆಸರಿಡುವ ಮೊದಲೇ ಹೋಯಿತು. ಬಾಣಂತಿಯಾಗಿದ್ದು ಸಂಜೆ ಮುಳುಗುವ ಹೊತ್ತಿನಲ್ಲಿ ಬಾವಿಯ ಹತ್ತಿರ ಹೋಗಿದ್ದೆ, ಅದಕ್ಕೇ ಹಂಗಾಯ್ತು ಎಂದು ಅಮ್ಮ ಕೊನೆಯ ತನಕ ನಂಬಿದ್ದಳು. ಸಾಯುವ ವರ್ಷವೂ ಮುಸ್ಸಂಜೆಯಲ್ಲಿ ನಲ್ಲಿ ತಿರುಗಿಸಲು ಹೊರಗೆ ಬರುತ್ತಿರಲಿಲ್ಲ.

ನಾನು ಹುಟ್ಟುವಷ್ಟರಲ್ಲಿ ತಂದೆಯ ತಾಯಿ ತೀರಿಕೊಂಡಿದ್ದಳು. ಕೆರೆಯ ಅಂಚಿನ ಆ ಮನೆಯಲ್ಲಿ ಪೆಟ್ಟಿಗೆಯೂ ಇರಲಿಲ್ಲ. ದಾರದ ಮೇಲೆ ಒಣಗುತ್ತಿದ್ದ ತಾತನ ಹಳೆ ಪಂಚೆ ಹರಿದು ನನ್ನನ್ನು ಸುತ್ತಿದರಂತೆ. ಬಡತನಕ್ಕೆ ಸುತ್ತಿದ್ದು ಅದು.

ಒಬ್ಬ ಹುಡುಗಿ ನನ್ನ ಶೆಡ್ಡಿಗೆ ಬಂದದ್ದು ಸುಗ್ಗಿಯ ನಡುವೆ. ಮಧುಗಿರಿ ಊರಾಚೆ, ಪಾವಗಡ ರಸ್ತೆಗೆ ನನ್ನ ಶೆಡ್ಡು. ಹತ್ತಾರು ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಹುಡುಗಿ ಎಂದರೆ ಹುಡುಗಿಯಲ್ಲ, ಡಾಕ್ಟರ್ ಓದು ಮುಗಿಸಿದವಳು. ಆಸ್ಪತ್ರೆ ಬಿಟ್ಟು ಸಂಶೋಧನೆಗೆ ಇಳಿದಿದ್ದಾಳೆ. ತಲೆತಲಾಂತರದಿಂದ ಇದೇ ಸೀಮೆಯಲ್ಲಿ ಇದ್ದವರ ರಕ್ತ ಬೇಕು ಎಂದಳು.

"ನಾ ಸೂಜಿ ಚುಚ್ಚಿಸ್ಕಳಲ್ಲ ಕಣಮ್ಮ. ಬೇರೆ ಕಡೆ ನೋಡು," ಎಂದೆ.

ಪಾವಗಡದ ಕಡೆಯಿಂದ ಬರುವ, ಅರ್ಧ ತೆಲುಗು ಬೆರೆಸಿ ಮಾತಾಡುವ ಒಬ್ಬ ಮುದುಕಿ ನಮ್ಮಲ್ಲಿ ವರ್ಷಗಳಿಂದ ಹಣ್ಣು ಕುಟ್ಟುತ್ತಾಳೆ. ನಾನು ಯಜಮಾನ ಎನ್ನುವುದನ್ನು ಅವಳು ಯಾವತ್ತೂ ಮನಸ್ಸಿಗೆ ಹಚ್ಚಿಕೊಂಡವಳಲ್ಲ. "ಆಯಪ್ಪ ರಕ್ತಂ ಪುಲ್ಲಗಾ ಉಂಟಾದಮ್ಮಾ, ಹುಳಿ ಹುಳಿ, ಹುಣಸೆ ರಸ ಅದು. ನಿನ್ ಸೂಜಿ ತುಕ್ಕಿಡಿತದೆ!" ಎಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗಿಯೂ ನಕ್ಕಳು. ಹೊರಟು ಹೋಗುತ್ತಾಳೆಂದುಕೊಂಡರೆ, ನೆಲದ ಮೇಲೆ ಅವರ ಪಕ್ಕದಲ್ಲೇ ಕೂತು, ನಿಮ್ಮ ತಾಯಿಯ ಊರು ಯಾವುದು ಅಂಕಲ್ ಎಂದು ಕೇಳಿದಳು. ಹೇಳಿದೆ.

"ಹೋದ ವಾರ ಅಲ್ಲೇ ಇದ್ದೆ. ಕೆರೆ ಏರಿ ಮೇಲೆ ಕೋಡಿ ತನಕ ನಡೆದೆ. ಅಲ್ಲೊಂದು ಒಂಟಿ ಹುಣಸೆಮರ ಇದೆ ಅಲ್ವಾ?"

ಆ ಮರದ ಕೆಳಗೆ ಅಮ್ಮ ನನ್ನನ್ನು ಸೊಂಟಕ್ಕೇರಿಸಿಕೊಂಡು ಬಂದು ಬಟ್ಟೆ ಒಗೆಯುತ್ತಿದ್ದ ಕಲ್ಲಿದೆ. ಅಮ್ಮ ಹೋದ ಮೇಲೆ ಆ ಏರಿಯ ಮಾತನ್ನು ನನ್ನ ಹತ್ತಿರ ಯಾರೂ ಎತ್ತಿರಲಿಲ್ಲ. ಕೆರೆಯಲ್ಲಿ ನೀರಿತ್ತೇ, ಕೋಡಿಯ ಕಲ್ಲು ಬಿದ್ದಿದೆಯೇ, ಇನ್ನೂ ಯಾರಿದ್ದಾರೆ ಎಂದು ಒಂದಾದ ಮೇಲೊಂದು ಕೇಳುತ್ತ ಹೋದೆ. ಅವಳು ಹೇಳುತ್ತ ಹೋದಳು. ಯಾವಾಗ ತೋಳು ಚಾಚಿದೆನೋ, ಯಾವಾಗ ಚುಚ್ಚಿದಳೋ, ನನಗೆ ಸರಿಯಾಗಿ ನೆನಪಿಲ್ಲ. ನಿಮ್ಮ ಮನೆಯವರಿಗೆ ಉಪಯೋಗವಾಗುವಂಥದ್ದು ಏನಾದರೂ ಕಂಡರೆ ತಿಳಿಸಬಹುದೇ ಎಂದು ಕೇಳಿದಳು. ತಿಳಿಸು ಎಂದೆ. ನನ್ನ ರಕ್ತದಲ್ಲಿ ಅಂಥದ್ದೇನು ಕಾಣುತ್ತದೆ ಎಂಬ ಧೈರ್ಯ.

ಮಳೆಗಾಲ ಹಿಡಿದ ಮೇಲೆ ಮತ್ತೆ ಬಂದಳು. ಆಗ ಮಗಳು ತುಂಬು ಬಸುರಿ, ಮನೆಯಲ್ಲಿದ್ದಳು. ಹುಡುಗಿ ನನ್ನನ್ನು ಶೆಡ್ಡಿನ ಹೊರಗೆ ಕರೆದು ಕಲ್ಲಿನ ಮೇಲೆ ಕೂರಿಸಿದಳು.

"ಅಂಕಲ್, ನಿಮ್ಮ ರಕ್ತಕಣಗಳನ್ನ ಕಾಪಾಡೋ ಒಂದು ವಸ್ತು ನಿಮ್ಮಲ್ಲಿ ಕಡಿಮೆ ಇದೆ. ಜಿ ಸಿಕ್ಸ್ ಪಿ ಡಿ ಅಂತಾರೆ. ಮಾಮೂಲಿ ದಿನಗಳಲ್ಲಿ ಏನೂ ಆಗಲ್ಲ. ಕೆಲವು ಮಾತ್ರೆ, ಕೆಲವು ವಸ್ತು ತಾಕಿದರೆ ಮಾತ್ರ ರಕ್ತ ಒಡೆಯುತ್ತೆ, ಮೈ ಹಳದಿ ಆಗುತ್ತೆ."

"ನಾನು ಮಾತ್ರೇನೇ ನುಂಗಿಲ್ವಲ್ಲಮ್ಮ."

"ಅದಕ್ಕೇ ಇಷ್ಟು ವರ್ಷ ಗೊತ್ತಾಗಿಲ್ಲ."

ನನಗೆ ರೇಗಿತು. ಕೆರೆಯಮ್ಮನ ಮಕ್ಕಳು ನಾವು, ನಮ್ಮ ರಕ್ತದಲ್ಲಿ ಕೊರತೆ ಎನ್ನಲು ನೀನು ಯಾರು ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಒಳಗೆ ರಾಶಿ ಹಾಕಿದ್ದ ಹಣ್ಣಿನ ಕಡೆ ನೋಡಿ, ಇದು ಯಾವ ಊರಿನದು ಎಂದು ಹೇಗೆ ಗೊತ್ತು ಮಾಡಿಕೊಳ್ಳುತ್ತೀರಿ ಎಂದಳು.

ಅದು ನನಗೆ ನೀರು ಕುಡಿದಷ್ಟು ಸಲೀಸು. ಒಂದೇ ತೋಪಿನಿಂದ ನೇರವಾಗಿ ಬಂದ ಹಣ್ಣಿಗೆ ಆ ತೋಪಿನ ಕೆಮ್ಮಣ್ಣು, ಅದೇ ನಾರು, ಅದೇ ತೊಟ್ಟಿನ ಚೂರು ಅಂಟಿಕೊಂಡೇ ಬಂದಿರುತ್ತದೆ. ನಾಲ್ಕು ಮಂಡಿ ಸುತ್ತಿ, ನಾಲ್ಕು ಕೈ ಬದಲಾಗಿ ಬಂದಿದ್ದರೆ ಎಲ್ಲ ಕಲಸಿಹೋಗಿ ಯಾವ ಮಣ್ಣು ಯಾವುದರದ್ದೆಂದು ಹೇಳಲಾಗುವುದಿಲ್ಲ. ಹಾಗೆಂದೆ.

"ಒಂದು ದಿನ ಮಂಡಿಗೆ ಹೋದಾಗ ಅರ್ಧ ಮೂಟೆಗಳಲ್ಲಿ ಒಂದೇ ತೋಪಿನ ಮಣ್ಣು ಕಂಡರೆ?"

"ಆ ತೋಪಿನ ಹಣ್ಣಿಗೆ ಯಾಕೋ ಗಿರಾಕಿ ಜಾಸ್ತಿ ಆಗವ್ರೆ ಅಂತ. ಕಲಸೋಕೂ ಪುರ್ಸೊತ್ತಿಲ್ದಂಗೆ ನುಗ್ಗೈತೆ ಅಂತ."

"ನಾವು ರಕ್ತದಲ್ಲಿ ಹುಡುಕೋದೂ ಅದನ್ನೇ," ಎಂದಳು. ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ತಂದೆಯಿಂದ ಬಂದದ್ದು, ತಾಯಿಯಿಂದ ಬಂದದ್ದು ತಲೆಮಾರಿನಿಂದ ತಲೆಮಾರಿಗೆ ತುಂಡಾಗಿ, ಬೆರೆತು ಹೋಗುತ್ತದೆ. ಹಳೆಯ ಗುಣವೆಂದರೆ ಅದರ ಸುತ್ತಲಿನದೆಲ್ಲ ಚೂರುಚೂರಾಗಿರಬೇಕು. ಆದರೆ ಕೆರೆಯ ಅಂಚಿನ ಹಳ್ಳಿಗಳವರಲ್ಲಿ ರಕ್ತದೊಳಗೆ ಈ ಗುಣ ಕೂತ ಜಾಗದ ಸುತ್ತ ಉದ್ದಕ್ಕೂ ಒಬ್ಬರದ್ದು ಇನ್ನೊಬ್ಬರ ಹಾಗೇ ಇದೆ. ಹಣ್ಣಿನ ಜೊತೆ ಅದರ ಮಣ್ಣೂ ಬಂದ ಹಾಗೆ. ಎಂದರೆ ಯಾವುದೋ ಒಂದು ಅದನ್ನು ಬೇಗಬೇಗ ಮುಂದಕ್ಕೆ ತಳ್ಳಿದೆ.

"ಯಾವ್ದು ತಳ್ಳಿದ್ದು?"

"ಚಳಿಜ್ವರ. ಈ ಬದಲಾವಣೆ ಇರೋ ರಕ್ತದಲ್ಲಿ ಮಲೇರಿಯಾ ಅಷ್ಟು ಸುಲಭವಾಗಿ ಬೆಳೆಯಲ್ಲ. ಜ್ವರ ಬಂದ ವರ್ಷಗಳಲ್ಲಿ ಇದಿಲ್ಲದ ಮಕ್ಕಳು ಹೆಚ್ಚು ಹೋದವು. ಇದ್ದವರು ಹೆಚ್ಚು ಉಳಿದರು, ಅವರ ಮಕ್ಕಳಿಗೂ ಬಂತು. ನಿಸರ್ಗದ ಆಯ್ಕೆ ಅಂತಾರೆ ಇದನ್ನ. ಹಿಂಗೆ ತಳ್ಳಿದ ಗುರುತು ಎಲ್ಲಿದೆಯೋ ಅಲ್ಲಿ ಹುಡುಕಿದರೆ ಕಾಯಿಲೆ ತರೋ ಬದಲಾವಣೆಗಳೂ ಕೈಗೆ ಸಿಗ್ತವೆ. ನಿಮ್ಮದು ಹಾಗೇ ಸಿಕ್ಕಿದ್ದು."

"ಆಯ್ಕೆ ಮಾಡಿದ್ಯಾರು?"

"ಯಾರೂ ಇಲ್ಲ ಅಂಕಲ್. ಬೇಕಾದರೆ ಸೊಳ್ಳೆ ಅನ್ನಿ," ಎಂದಳು.

ಒಳಗಿನಿಂದ ಮುದುಕಿ ಕಿವಿ ಕೊಟ್ಟು ಕೂತಿದ್ದಳು. "ಏನ್ ಸಾಮೀ, ದೋಮ ಆರ್ಸಿದ ವಂಶವಾ ನಿಮ್ದು?" ಎಂದಳು. ದೋಮ ಎಂದರೆ ಅವರ ಕಡೆ ಸೊಳ್ಳೆ. ಆ ದಿನ ನನಗೆ ನಗು ಬರಲಿಲ್ಲ.

ಈ ಬದಲಾವಣೆ ನಿಮಗೆ ತಾಯಿಯಿಂದ ಬಂದಿದೆ, ನಿಮ್ಮಿಂದ ಮಗಳಿಗೆ ಹೋಗಿಯೇ ಇರುತ್ತದೆ ಎಂದಳು. ಮಗಳಿಗೆ ತೊಂದರೆ ಆಗುವುದು ಕಡಿಮೆ. ಅವಳಿಗೆ ಗಂಡು ಮಗು ಹುಟ್ಟಿದರೆ ಆ ಮಗುವಿಗೆ ಬರಬಹುದು, ಬರದಿರಲೂಬಹುದು. ಹುಟ್ಟಿದ ಕೂಡಲೇ ರಕ್ತ ಪರೀಕ್ಷೆ ಮಾಡಿಸಬೇಕು. ಆಮೇಲೆ ತಾಕಬಾರದ ವಸ್ತುಗಳನ್ನು ಹೇಳುತ್ತ ಹೋದಳು. ಚಳಿಜ್ವರದ ಕೆಲವು ಮಾತ್ರೆ, ಇನ್ನು ಕೆಲವು ಔಷಧಿ.

"ಮುಖ್ಯವಾಗಿ ಬಟ್ಟೆಗೆ ಇಡ್ತಾರಲ್ಲ, ನುಸಿ ಗುಳಿಗೆ. ಅದರ ಘಾಟು ಹಿಡಿದ ಬಟ್ಟೇಲಿ ಎಳೆ ಮಗೂನ ಸುತ್ತಿದರೆ ಸಾಕು."

ಮಳೆ ಹನಿಯತೊಡಗಿತು. ಅಣ್ಣನ ಕತೆ ಹೇಳಿದೆ. ಅಣ್ಣ ಎಂದು ನಾನು ಕರೆದದ್ದು ಅದೇ ಮೊದಲು. ಅವನಿಗೆ ಹೆಸರೇ ಇರಲಿಲ್ಲವಲ್ಲ.

"ಅಂಗಾರೆ ನಮ್ಮೋರ್ನ ಉಳ್ಸಿದ್ದೂ ಇದೇಯಾ, ಆ ಕೂಸ್ನ ತಗಂಡೋಗಿದ್ದೂ ಇದೇಯಾ?"

"ಪರೀಕ್ಷೆ ಮಾಡದೆ ಹಾಗನ್ನೋಕಾಗಲ್ಲ ಅಂಕಲ್. ಹಳದಿಗೆ ಬೇರೆ ಕಾರಣಗಳೂ ಇರ್ತವೆ." ಆಮೇಲೆ ಮೆಲ್ಲಗೆ, "ಇರಬಹುದು," ಎಂದಳು.

ಅವಳು ಹೋದ ಮೇಲೂ ನಾನು ಕಲ್ಲಿನ ಮೇಲೆಯೇ ಇದ್ದೆ. ಅಮ್ಮ ಇದ್ದಿದ್ದರೆ ಓಡಿಹೋಗಿ ಹೇಳುತ್ತಿದ್ದೆ: ಬಾವಿಯದ್ದಲ್ಲ ಕಣಮ್ಮ, ನೀನು ಸಂಜೆ ಹೊತ್ತು ಹೊರಗೆ ಹೋದದ್ದಕ್ಕಲ್ಲ. ಅವಳು ಸುಮ್ಮನಿರುವವಳಲ್ಲ, ಮತ್ತೆ ಯಾತಕ್ಲಾ ಎಂದು ಕೇಳೇ ಕೇಳುತ್ತಿದ್ದಳು. ಆಗ ಏನು ಹೇಳಲಿ? ಆಯಸ್ಸು ಹತ್ತಲೆಂದು ಸುತ್ತಿದ ಸೀರೆಯ ಮಾತು ಹೇಗೆ ಹೇಳಲಿ? ಅವಳು ಇರಬೇಕಿತ್ತು ಎನ್ನಿಸಿತು. ಅವಳಿಗೆ ಗೊತ್ತಾಗದೇ ಹೋಯಿತಲ್ಲ, ಒಳ್ಳೆಯದಾಯಿತು ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ.

ಮನೆಗೆ ಬಂದು ಪೆಟ್ಟಿಗೆಯನ್ನು ಶೆಡ್ಡಿಗೆ ಸಾಗಿಸುತ್ತೇನೆಂದಾಗ ಹೆಂಡತಿ ಅಡ್ಡ ನಿಂತಳು.

"ಅತ್ತೆ ಬಾಯಾರೆ ಹೇಳೋಗಿರೋ ಮಾತದು. ಯಾವ್ಳೋ ಬಂದು ಏನೋ ಅಂದ್ಲಂತೆ, ಇವ್ರು ಪೆಟ್ಗೆ ಹೊತ್ಕಂಡ್ ಹೊಂಟ್ರು! ನಿಮ್ಮಮ್ಮ ಆ ಸೀರೆ ಮುಟ್ಟೋಕೆ ನಂಗೂ ಬುಡ್ತಿರಲಿಲ್ಲ, ಗೊತ್ತಾ?"

"ಗೊತ್ತು ಕಣೆ."

"ಬಿಸ್ಲಿಗೆ ಹಾಕಿದ್ರಾಯ್ತದೆ ಬುಡಿ."

"ಒಂದಿನದ ಬಿಸ್ಲಿಗೆ ಹೋಗೋ ಘಾಟಲ್ಲಂತೆ ಅದು."

ಮಗಳು ಒಳಗಿನಿಂದ ಹೊಟ್ಟೆ ಹಿಡಿದುಕೊಂಡು ಬಂದಳು. ಎಲ್ಲವನ್ನೂ ಹೇಳಿದೆ. ನನ್ನಿಂದ ಅವಳಿಗೆ ಬಂದಿದೆ ಎನ್ನುವುದನ್ನು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಅವಳು ಪೆಟ್ಟಿಗೆಯ ಮುಚ್ಚಳ ಎತ್ತಿ, ಅಜ್ಜಿಯ ಸೀರೆಯನ್ನು ಮುಟ್ಟದೆ, ಬರೇ ಬಗ್ಗಿ ಮೂಸಿದಳು. ಕಣ್ಣು ತುಂಬಿಕೊಂಡವು.

"ತಗಂಡೋಗಪ್ಪ," ಎಂದಳು. "ಆದ್ರೆ ಶಿರಾದಲ್ಲಿ ಹೇಳ್ಬೇಡ. ನಮ್ಮತ್ತೆ ಕೇಳಿದ್ರೆ ನಿಮ್ಮನೆ ರಕ್ತಾನೇ ಸರಿಯಿಲ್ಲ ಅಂತ ಹುಟ್ಟಿದ್ ಮಗೀಗೂ ಅಂದಾಡ್ತಾರೆ."

ಹೇಳುವುದಿಲ್ಲ ಎಂದೆ. ನನಗೂ ಅದೇ ಬೇಕಿತ್ತು. ಗುತ್ತಿಗೆಯಲ್ಲಾಗಲಿ ನೆಂಟಸ್ತಿಕೆಯಲ್ಲಾಗಲಿ ನಾನು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಬೀಗರು ಶಿರಾದಲ್ಲಿ ಬಟ್ಟೆ ಅಂಗಡಿ ಇಟ್ಟವರು, ನಾಲ್ಕಕ್ಷರ ಕಲಿತವರು. ಹೆಣ್ಣು ನೋಡಲು ಬಂದಾಗ, ನಮ್ಮದು ಒಂದು ಕಾಯಿಲೆ ಕಾಣದ ವಂಶ ಎಂದು ಎದೆ ತಟ್ಟಿ ಹೇಳಿದ್ದವನು ನಾನೇ.

ಹೆರಿಗೆ ಮಧುಗಿರಿಯ ಆಸ್ಪತ್ರೆಯಲ್ಲಾಯಿತು. ಗಂಡು. ನಾನು ಮೊದಲೇ ಹೇಳಿಟ್ಟಿದ್ದರಿಂದ ನರ್ಸು ಪರೀಕ್ಷೆಗೆ ರಕ್ತ ತೆಗೆದುಕೊಂಡು ಹೋಗಿದ್ದಳು. ಉತ್ತರ ಇನ್ನೂ ಬಂದಿರಲಿಲ್ಲ. ಕೂಸು ಆಸ್ಪತ್ರೆಯ ಬಟ್ಟೆಯಲ್ಲಿ ಮಲಗಿತ್ತು. ನಾನು ವಾರ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ, ಗಂಡಸರನ್ನು ಒಳಗೆ ಬಿಡುವುದಿಲ್ಲವಲ್ಲ.

ಮೆಟ್ಟಿಲ ಕಡೆಯಿಂದ ಅಮ್ಮನ ವಾಸನೆ ಬಂತು.

ತಲೆ ಎತ್ತಿ ನೋಡಿದರೆ ಬೀಗಿತಿ. ಶಿರಾದಿಂದ ಬಸ್ಸಿಳಿದು ಸೀದಾ ಬಂದಿದ್ದಳು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಅವಳ ಅತ್ತೆಯ ಸೀರೆ, ಪೆಟ್ಟಿಗೆಯಿಂದ ಅದೇ ಬೆಳಿಗ್ಗೆ ತೆಗೆದದ್ದು. ನಮ್ಮ ಮನೆಯ ಪೆಟ್ಟಿಗೆಯನ್ನು ಹೊರಗೆ ಹಾಕಿದ ನಾನು, ಬೀಗರ ಮನೆಯಲ್ಲೂ ಒಂದು ಪೆಟ್ಟಿಗೆ ಇರುತ್ತದೆ ಎನ್ನುವುದನ್ನೇ ಯೋಚಿಸಿರಲಿಲ್ಲ.

"ಏನ್ ಬೀಗ್ರೇ, ಮೊಮ್ಮಗ ಬಂದ್ರೂ ಮುಖದಾಗೆ ನಗು ಇಲ್ಲ?" ಎನ್ನುತ್ತಾ ಒಳಗೆ ಕಾಲಿಡಲು ಹೋದಳು. ಎದ್ದು ಬಾಗಿಲಿಗೆ ಅಡ್ಡ ಕೈ ಹಿಡಿದೆ.

"ಅಕ್ಕಾ, ನೀವು ಒಳಗೋಗಿ. ಗಂಟು ಇಲ್ಲಿ ಕೊಡಿ."

"ಯಾಕಂತೆ? ನಮ್ಮತ್ತೆ ಸೀರೆ ಇದು. ಮೂರು ತಲೆಮಾರು ನೋಡಿ ಹೋದ ಮಹರಾಯ್ತಿ."

"ಗೊತ್ತಕ್ಕ. ಆದ್ರೂ ಬ್ಯಾಡ."

ಅವಳ ಮುಖ ಕೆಂಪಾಯಿತು. "ಓಹೋ! ನಮ್ಮನೆ ಬಟ್ಟೆ ನಿಮ್ಮನೆ ಮೊಮ್ಮಗನ ಮೈಗೆ ಆಗ್ಬರಲ್ವಾ? ಅಷ್ಟು ಹಗುರಾಗಿ ಹೋದ್ವಾ ನಾವು? ಹುಣಸೇಹಣ್ಣು ಮಾರೋರ ಜಂಬ ನೋಡು!"

ವಾರ್ಡಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಹೆಂಡತಿ ಒಳಗಿನಿಂದ ಕೈಸನ್ನೆ ಮಾಡುತ್ತಿದ್ದಳು, ಬುಡಿ, ಬುಡಿ ಎಂದು. ಮಗಳು ಮಲಗಿದ್ದಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು. ಏನಾದರೂ ಸುಳ್ಳು ಹೇಳಬಹುದಿತ್ತು. ಡಾಕ್ಟರು ಬೇಡವೆಂದಿದ್ದಾರೆ, ಇಲ್ಲಿಯ ರೂಲ್ಸು ಎನ್ನಬಹುದಿತ್ತು. ಅಂದರೆ ಗಂಟು ಇವತ್ತು ಹೊರಗೆ ಉಳಿಯುತ್ತದೆ, ನಾಳೆ ಅವರ ಮನೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಕೂಸು ಬೆಳೆಯಬೇಕಾದದ್ದು ಅಲ್ಲಿ.

"ನಿಮ್ ಬಟ್ಟೇಲಿ ಏನಿಲ್ಲಕ್ಕ. ನಮ್ ರಕ್ತದಾಗೈತೆ," ಎಂದೆ. "ನಮ್ಮಮ್ಮನ ಕಡೆಯಿಂದ ನಂಗೆ ಬಂದೈತೆ. ನನ್ನಿಂದ ನಿಮ್ ಸೊಸೆಗೆ. ಕೂಸಿಗೂ ಬಂದಿರಬೋದು. ಆ ನುಸಿ ಗುಳಿಗೆ ಘಾಟು ತಾಕಿದ್ರೆ ರಕ್ತ ಒಡ್ದು ಹಳದಿ ಆಯ್ತದೆ. ನಮ್ಮಣ್ಣ ಒಬ್ಬ ಅಂಗೇ ಹೋದ, ಹೆಸ್ರಿಡಕ್ಕೂ ಮುಂಚೆ. ಪೆಟ್ಗೆ ಸೀರೆ ಸುತ್ತಿದ್ರು ಅವ್ನಿಗೆ."

ಬೀಗಿತಿ ಗಂಟನ್ನು ನೋಡಿದಳು. ನನ್ನನ್ನು ನೋಡಿದಳು.

"ಕಾಯಿಲೆ ಕಾಣದ ವಂಶ ಅಂದಿದ್ರಲ್ಲಾ ಬೀಗ್ರೇ."

"ಅಂದಿದ್ದೆ. ನಂಗೂ ಗೊತ್ತಿರಲಿಲ್ಲ."

ಬಯ್ಯುತ್ತಾಳೆಂದು ಕಾದೆ. ಅವಳು ಗಂಟನ್ನು ಕಂಕುಳಿನಿಂದ ತೆಗೆದು, ಇಡಲು ಜಾಗ ಹುಡುಕಿ, ಕಾರಿಡಾರಿನ ಕೊನೆಯ ಕಿಟಕಿಯ ತನಕ ನಡೆದು ಹೋಗಿ ಅಲ್ಲಿಟ್ಟು ಬಂದಳು. ನಲ್ಲಿಯಲ್ಲಿ ಮೊಳಕೈ ತನಕ ಸೋಪು ಹಚ್ಚಿ ತೊಳೆದಳು. ಆಮೇಲೂ ಬಾಗಿಲಲ್ಲಿ ನಿಂತು ಒಳಗೆ ಹೋಗಲು ಅನುಮಾನಿಸಿದಳು. "ನಾ ಉಟ್ಟಿರೋ ಸೀರೇನೂ ಪೆಟ್ಗೇದೇ," ಎಂದಳು ಸಣ್ಣ ದನಿಯಲ್ಲಿ. "ಮೊಮ್ಮಗನ್ನ ನೋಡಾಕೆ ಬರೋದಲ್ಲಾ ಅಂತ ಒಳ್ಳೇದು ಉಟ್ಕಂಡ್ ಬಂದ್ನಿ." ಬಾಗಿಲಿನಿಂದಲೇ ಇಣುಕಿ ಕೂಸನ್ನು ನೋಡಿ, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು.

ನನ್ನ ಹೆಂಡತಿ ಮನೆಗೆ ಹೋಗಿ, ದಿನಾ ಉಟ್ಟು ಒಗೆದು ಹಾಕುವ ತನ್ನ ಸೀರೆಯೊಂದನ್ನು ಹಗ್ಗದ ಮೇಲಿನಿಂದ ಎಳೆದು ತಂದಳು. ಪೆಟ್ಟಿಗೆಯ ಮುಖವನ್ನೇ ಕಾಣದ ಸೀರೆ. ಅದನ್ನು ಹರಿದು ಕೂಸಿಗೆ ಸುತ್ತಿದರು.

ಪರೀಕ್ಷೆಯ ಉತ್ತರ ಬಂತು. ಕೂಸಿಗೂ ಇತ್ತು. ಅಷ್ಟೆಲ್ಲ ಕಾಪಾಡಿದ್ದರೂ ಅವನ ಕಣ್ಣು ಹಳದಿಗೆ ತಿರುಗಿತು. ಇಂಥ ಮಕ್ಕಳಿಗೆ ಅಷ್ಟು ಆಗುವುದುಂಟು ಎಂದು ಡಾಕ್ಟರು ನೀಲಿ ದೀಪದ ಕೆಳಗೆ ಮಲಗಿಸಿದರು. ಗಾಜಿನ ಆಚೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬೆತ್ತಲೆ ಮಲಗಿದ್ದ ಅವನನ್ನು ನೋಡುತ್ತ ನಿಂತಾಗ ನನಗೆ ಕಂಡದ್ದು ಅವನೊಬ್ಬನೇ ಅಲ್ಲ. ಕೆರೆಯ ಅಂಚಿನ ಕತ್ತಲೆಯ ಕೋಣೆಯಲ್ಲಿ, ಒಳ್ಳೆಯ ಸೀರೆಯಲ್ಲಿ ಬೆಚ್ಚಗೆ ಸುತ್ತಿ ಮಲಗಿಸಿದ್ದ ಇನ್ನೊಬ್ಬ. ಅವನಿದ್ದಿದ್ದರೆ ನನಗಿಂತ ದೊಡ್ಡವನು. ಮರ ಹತ್ತಬೇಡ ಕಣ್ಲಾ, ವಯಸ್ಸಾಯ್ತು ಎಂದು ನನ್ನನ್ನು ಬಯ್ಯಲು ಒಬ್ಬನಿರುತ್ತಿದ್ದ. ಈ ವಯಸ್ಸಿನಲ್ಲಿ ಅಣ್ಣ ಬೇಕೆನ್ನಿಸುತ್ತದೆ ಎಂದು ಯಾರಿಗೆ ಹೇಳಲಿ?

ಹಳದಿ ಇಳಿಯಿತು. ಕೂಸು ಹಾಲಿಗೆ ರಚ್ಚೆ ಹಿಡಿಯತೊಡಗಿತು. ಬೀಗಿತಿ ಊರಿಗೆ ಹೋದವಳು ಫೋನು ಮಾಡಿ, ಮನೆಯಲ್ಲಿದ್ದ ಗುಳಿಗೆಯನ್ನೆಲ್ಲ ಗುಂಡಿ ತೆಗೆದು ಹೂಳಿದೆ, ಅಂಗಡಿಯಲ್ಲೂ ಇಡಬೇಡಿ ಎಂದು ಗಂಡನಿಗೆ ಹೇಳಿದ್ದೇನೆ ಎಂದಳು. ರಕ್ತದ ಮಾತು ಎತ್ತಲಿಲ್ಲ. ಮುಂದೆ ಎಂದಾದರೂ ಜಗಳದಲ್ಲಿ ಎತ್ತಬಹುದು, ಎತ್ತಲಿ.

ಅಮ್ಮನ ಸೀರೆಯನ್ನು ಏನು ಮಾಡುವುದೆಂದು ಆ ಡಾಕ್ಟರ್ ಹುಡುಗಿಯನ್ನು ಫೋನಿನಲ್ಲಿ ಕೇಳಿದೆ. ಬೇರೆ ಬಟ್ಟೆ ಬಳಸುವುದೇ ಒಳ್ಳೆಯದು ಅಂಕಲ್ ಎಂದಳು. ಅದು ನಮ್ಮಮ್ಮಂದು ಕಣಮ್ಮ ಎಂದೆ. ಅವಳಿಗೆ ಅರ್ಥವಾಗಿರಬೇಕು. ಹೇಗೂ ಇಟ್ಟುಕೊಳ್ಳಲೇಬೇಕೆಂದರೆ ಮತ್ತೆ ಮತ್ತೆ ಒಗೆಯಿರಿ, ತಿಂಗಳುಗಟ್ಟಲೆ ಗಾಳಿಗೆ, ಬಿಸಿಲಿಗೆ ಹಾಕಿ. ಘಾಟು ಒಂದಿಷ್ಟೂ ಉಳಿಯಬಾರದು. ಮಗು ಸ್ವಲ್ಪ ದೊಡ್ಡದಾದ ಮೇಲೆ, ನನಗೆ ಹೇಳಿಯೇ ಬಳಸಿ ಎಂದಳು.

ಶೆಡ್ಡಿನ ಹಿಂದಿನ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದೆ. ಒಗೆಯುವುದಕ್ಕೆ ಹೆಂಗಸರನ್ನು ಬಿಡಲಿಲ್ಲ, ನಾನೇ ಒಗೆದೆ. ಮೊದಲ ಸಲ ಒಗೆಯುವಾಗ ಬಕೆಟ್ಟಿನ ನೀರಿನಿಂದ ಅಮ್ಮ ಎದ್ದು ಬಂದಂತಾಯಿತು. ಮುದುಕಿ ನೋಡಿ ಏನೋ ತಮಾಷೆ ಮಾಡಲು ಬಾಯಿ ತೆರೆದವಳು ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು. ಆಮೇಲೆ ಪ್ರತಿ ವಾರ ಒಗೆದು ಹರವುವುದು, ಒಣಗಿದ ಮೇಲೆ ಮೂಗಿಗೆ ಹಿಡಿದು ನೋಡುವುದು. ನಾನು ಪರೀಕ್ಷೆ ಮಾಡುತ್ತಿದ್ದೆನೋ ಅಮ್ಮನನ್ನು ನೋಡಲು ಹೋಗುತ್ತಿದ್ದೆನೋ, ನನಗೇ ತಿಳಿಯದು. ಎಲೆಯಡಿಕೆ ಮೊದಲು ಹೋಯಿತು. ಆಮೇಲೆ ಹರಳೆಣ್ಣೆ. ಗುಳಿಗೆಯ ಘಾಟು ಹಟ ಹಿಡಿದು ಮಡಿಕೆಗಳಲ್ಲಿ ಕೂತಿತ್ತು. ಹೋಗಲಿ ಎಂದುಕೊಂಡೇ ಒಗೆಯುತ್ತಿದ್ದೆ, ಇವತ್ತಿಗೆ ಇಷ್ಟಿರಲಿ ಎಂದುಕೊಂಡೇ ಮೂಸುತ್ತಿದ್ದೆ.

ಮುಂದಿನ ಸುಗ್ಗಿಯ ಹಣ್ಣು ಶೆಡ್ಡಿಗೆ ಬರುವ ಹೊತ್ತಿಗೆ ಒಂದು ಮಧ್ಯಾಹ್ನ ಸೀರೆಯಲ್ಲಿ ಏನೂ ಇರಲಿಲ್ಲ. ಬಿಸಿಲು, ಸೋಪು, ಅಷ್ಟೆ. ಮಡಿಕೆ ಬಿಚ್ಚಿ ಬಿಚ್ಚಿ ಹುಡುಕಿದೆ. ಸೆರಗು, ಅಂಚು, ಒಳಮಗ್ಗುಲು. ಮುದುಕಿಯನ್ನು ಕರೆದು ಮೂಸಿ ನೋಡು ಎಂದೆ. "ಏಮೀ ಲೇದು ಸಾಮೀ, ಏನೂ ಇಲ್ಲ," ಎಂದಳು.

ಡಾಕ್ಟರ್ ಹುಡುಗಿಗೆ ಫೋನು ಮಾಡಿ ಹೇಳಿದೆ. ಸರಿ ಅಂಕಲ್, ಇನ್ನು ಬಳಸಬಹುದು ಎಂದಳು. ಆ ವಾರವೇ ಮಗಳು ಶಿರಾದಿಂದ ಕೂಸಿನೊಂದಿಗೆ ಬಂದಳು. ಹಲ್ಲು ಬಂದಿವೆ ಅವನಿಗೆ, ಸುತ್ತಿ ಮಲಗಿ ಎಂದರೆ ಮಲಗುವವನಲ್ಲ. ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡಿದೆವು. ಅವನು ಅದರಲ್ಲಿ ಕಾಲು ಒದೆದು, ನೇರಳೆ ಬಟ್ಟೆಯ ಅಂಚನ್ನು ಬಾಯಿಗಿಟ್ಟುಕೊಂಡು ಚೀಪತೊಡಗಿದ. ಮಗಳು ಬಿಡಿಸಲು ಹೋದಳು.

"ಇರ್ಲಿ ಬುಡವ್ವ," ಎಂದೆ.